ನಾಲ್ಕು ನನಗೆ, ಮೂರು ಸಾಕಮ್ಮನಿಗೆ

ಈಗಲೂ ಕೆಮ್ಮು ಬಂದರೆ ನಾನು ಮೊದಲು ಸೆರಗಿನ ತುದಿ ನೋಡಿಕೊಳ್ಳುತ್ತೇನೆ. ಏನೂ ಇರುವುದಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ನೋಡುತ್ತೇನೆ. ಮೊಮ್ಮಕ್ಕಳು, ಅಜ್ಜಿ ಸೆರಗಲ್ಲಿ ಏನು ಕಳೆದುಕೊಂಡಿದ್ದಾರೆ ಎಂದು ನಗುತ್ತವೆ. ನಗಲಿ. ಕಾಯಿಲೆ ವಾಸಿಯಾಯಿತು, ಹೆದರಿಕೆ ಪೂರ್ತಿ ವಾಸಿಯಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದುವ ಯಾರಾದರೂ ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರೆ, ನಾನು ಬಹಳ ಧೈರ್ಯದವಳು ಎಂದುಕೊಂಡು ತಮ್ಮ ಬಗ್ಗೆ ನಾಚಿಕೊಳ್ಳಬಾರದು. ನನ್ನಷ್ಟು ಪುಕ್ಕಲಿ ಆ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತನಾಲ್ಕು ವರ್ಷ. ಅಜ್ಜಂಪುರದಲ್ಲಿ ನಮ್ಮದು ಈರುಳ್ಳಿ ವ್ಯಾಪಾರದ ಕೂಡು ಕುಟುಂಬ. ಯಜಮಾನಿಕೆ ನನ್ನ ಗಂಡನ ಅಣ್ಣನದು, ಅಂದರೆ ನಮ್ಮ ಭಾವನವರದು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗೆ ಎರಡೂವರೆ ವರ್ಷದ ಒಬ್ಬಳು ಮಗಳು, ಕುಸುಮ.

ಈರುಳ್ಳಿ ಕಾಲದಲ್ಲಿ ಮನೆಯ ಹೆಂಗಸರೆಲ್ಲ ಹಿತ್ತಿಲ ಕೊಟ್ಟಿಗೆಯಲ್ಲಿ ಕೂತು ಗಡ್ಡೆ ಆರಿಸುತ್ತಿದ್ದೆವು. ಧೂಳಿಗೆ ಎಲ್ಲರೂ ಕೆಮ್ಮುತ್ತಿದ್ದರು, ನಾನು ಸ್ವಲ್ಪ ಹೆಚ್ಚು ಕೆಮ್ಮುತ್ತಿದ್ದೆ. ಸಂಜೆಯಾದರೆ ಮೈ ಬಿಸಿ. ರವಿಕೆಯ ತೋಳು ದಿನದಿನಕ್ಕೆ ಸಡಿಲ. ಒಂದು ಮಧ್ಯಾಹ್ನ ಕೆಮ್ಮಿ ಬಾಯಿ ಒರೆಸಿಕೊಂಡಾಗ ಕೈಗೆ ಕೆಂಪು ಹತ್ತಿತ್ತು. ಸುತ್ತ ಕೆಂಪು ಸಿಪ್ಪೆಯ ರಾಶಿ. ಸಿಪ್ಪೆಯ ಚೂರು ಅಂಟಿದೆ ಎಂದುಕೊಂಡು ಸೀರೆಗೆ ಒರೆಸಿದೆ. ಸಿಪ್ಪೆ ಉದುರುತ್ತದೆ, ಇದು ಉದುರಲಿಲ್ಲ, ಹರಡಿತು. ಅಕ್ಕ ನೋಡಿದರು. ನಾನು ಅವರನ್ನು ನೋಡಿದೆ. ಅವರು ಎದ್ದು ಹೋಗಿ, ಜಗಲಿಯಲ್ಲಿ ಆಡುತ್ತಿದ್ದ ಕುಸುಮಳನ್ನು ಎತ್ತಿಕೊಂಡು ಒಳಕೋಣೆಗೆ ನಡೆದರು. ಡಾಕ್ಟರು ಹೇಳುವುದಕ್ಕೆ ಮೊದಲೇ ನನಗೆ ಏನಾಗಿದೆಯೆಂದು ತಿಳಿದದ್ದು ಹಾಗೆ.

ನಮ್ಮೂರಿನ ಡಾಕ್ಟರು ಎದೆಗೆ ಕಿವಿ ಕೊಟ್ಟು ಕೇಳಿ, ಕಡೂರಿಗೆ ಬರೆದುಕೊಟ್ಟರು. ಅಲ್ಲಿ ದೊಡ್ಡ ಊರಿನಿಂದ ಬಂದ ವೈದ್ಯರ ತಂಡವೊಂದು ಬಾಡಿಗೆ ಮನೆ ಹಿಡಿದು ಕ್ಷಯಕ್ಕೆ ಔಷಧಿ ಕೊಡುತ್ತಿತ್ತು. ನಾವೆಲ್ಲ ಅದನ್ನು ಕ್ಯಾಂಪು ಎನ್ನುತ್ತಿದ್ದೆವು. ಹೊಸ ನಮೂನೆಯ ಔಷಧಿಯಂತೆ, ಒಳ್ಳೆಯ ಔಷಧಿಯಂತೆ ಎಂದು ಊರಲ್ಲಿ ಮಾತಿತ್ತು.

ಮೊದಲ ದಿನ ಭಾವನವರೇ ಕರೆದುಕೊಂಡು ಹೋದರು. ಎಕ್ಸ್-ರೇ ತೆಗೆದರು, ಕಫ ತೆಗೆದುಕೊಂಡರು. ದೊಡ್ಡ ಡಾಕ್ಟರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಎದೆಯ ಬಲಗಡೆ ಬಿಳಿ ಮೋಡ ಕಟ್ಟಿತ್ತು. ಅವರು ಫೋಟೋ ಇಳಿಸಿ, "ಯಜಮಾನರು ಯಾರು?" ಎಂದು ಕೇಳಿದರು. ನಾನು ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಯಾರೂ ಹೋಗು ಎನ್ನಲಿಲ್ಲ. ಗಂಡಸರು ಮಾತಿಗೆ ಕೂತರೆ ಹೆಂಗಸು ಹೊರಗೆ ಬರುವುದು ನಮ್ಮಲ್ಲಿ ರೂಢಿ, ಮಾತು ಅವಳ ಪುಪ್ಪುಸದ ಬಗ್ಗೆಯೇ ಆಗಿದ್ದರೂ.

ಬಾಗಿಲು ತೆರೆದೇ ಇತ್ತು. ಡಾಕ್ಟರು ಇಂಗ್ಲಿಷಿನ ಹಾಳೆಗಳನ್ನು ಮುಂದಿಟ್ಟು ಏನೋ ಹೇಳುತ್ತಿದ್ದರು. ಭಾವನವರು ಅರ್ಧಕ್ಕೇ ಪೆನ್ನು ತೆಗೆದರು.

"ಎಲ್ಲಿ ಹಾಕ್ಬೇಕು ಹೇಳಿ ಡಾಕ್ಟ್ರೇ."

"ಪೇಷೆಂಟ್‌ಗೂ ಒಂದು ಮಾತು..."

"ಅವಳಿಗೇನು ಗೊತ್ತಾಯ್ತದೆ? ಮನೆಗೆಲ್ಲಾ ನಾನೇ ಹಾಕೋದು. ಕೊಡಿ."

ಮೂರು ಹಾಳೆಗೆ ಮೂರು ಸಹಿ, ಕೆಳಗೆ ಗೀಟು, ಗೀಟಿನ ಕೆಳಗೆ ಎರಡು ಚುಕ್ಕೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಶಾಲೆಯಲ್ಲಿ ನನ್ನ ಕೈಬರಹವನ್ನು ಮೇಷ್ಟ್ರು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಆದರೆ ಆ ದಿನ ನನಗೆ ಸಹಿಯ ಯೋಚನೆಯೇ ಬರಲಿಲ್ಲ. ಭಾವನವರ ಮೇಲೆ ಕೃತಜ್ಞತೆಯೇ ಇತ್ತು. ನಾನು ಯೋಚಿಸುತ್ತಿದ್ದದ್ದು ಒಂದೇ, ನಾನು ಸತ್ತರೆ ಕುಸುಮಳಿಗೆ ನನ್ನ ಮುಖ ನೆನಪಿರುತ್ತದೆಯೇ ಎಂದು. ಎರಡೂವರೆ ವರ್ಷಕ್ಕೆ ನೆನಪಿರುವುದಿಲ್ಲ. ನನಗೇ ಆ ವಯಸ್ಸಿನದು ಏನೂ ನೆನಪಿಲ್ಲ.

ಮನೆಯಲ್ಲಿ ನನಗೆ ನಡುಮನೆಯ ಪಕ್ಕದ ಸಣ್ಣ ಕೋಣೆ ಬಿಟ್ಟುಕೊಟ್ಟರು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಅಕ್ಕ ಕೆಟ್ಟವರಲ್ಲ. ದಿನಾ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ, ಮಠದಿಂದ ತಂದ ವಿಭೂತಿ ಜೊತೆಗಿಟ್ಟು, ಹೊಸ್ತಿಲಾಚೆಯಿಂದ ತಳ್ಳುತ್ತಿದ್ದರು. ಕುಸುಮಳನ್ನು ಅವರೇ ಮಲಗಿಸಿಕೊಂಡರು. ಮೊದಲ ವಾರ ಅವಳು ಹೊಸ್ತಿಲಿಗೆ ಬಂದು ಅವ್ವಾ ಎಂದು ಅಳುತ್ತಿದ್ದಳು. ಬರಬೇಡ ಬರಬೇಡ ಎಂದು ನಾನೇ ಗದರುತ್ತಿದ್ದೆ. ಆಮೇಲೆ ಅವಳು ಅಳುವುದನ್ನು ಬಿಟ್ಟಳು. ಅತ್ತಾಗಿನದಕ್ಕಿಂತ ಅಳು ನಿಂತಾಗ ನನಗೆ ಹೆಚ್ಚು ಸಂಕಟವಾಯಿತು.

ಪ್ರತಿ ಮಂಗಳವಾರ ಕ್ಯಾಂಪು. ಒಂದು ಸೂಜಿ, ಒಂದು ವಾರಕ್ಕಾಗುವಷ್ಟು ಮಾತ್ರೆಯ ಪೊಟ್ಟಣ. ಉಳಿದ ದಿನಗಳ ಸೂಜಿ ನಮ್ಮೂರ ಡಾಕ್ಟರೇ ಹಾಕುತ್ತಿದ್ದರು. ನನ್ನ ಪೊಟ್ಟಣದಲ್ಲಿ ಬಿಳಿ ಮಾತ್ರೆಗಳ ಜೊತೆ ಕೆಂಪು ಬಣ್ಣದ ಏಳು ದಪ್ಪ ಮಾತ್ರೆ ಇರುತ್ತಿದ್ದವು, ದಿನಕ್ಕೊಂದು. ತಗೊಂಡ ಮಾರನೆಯ ದಿನ ಬೆಳಿಗ್ಗೆ ಬಚ್ಚಲಿಗೆ ಹೋದವಳು ಗೋಡೆ ಹಿಡಿದು ನಿಂತುಬಿಟ್ಟೆ. ಉಚ್ಚೆ ಕೆಂಪಗೆ ಹೋಗುತ್ತಿತ್ತು.

ಹೇಳಲು ಈಗ ನಾಚಿಕೆಯಿಲ್ಲ, ಆಗ ಇತ್ತು. ಬಾಯಿಂದ ಬರುತ್ತಿದ್ದ ರಕ್ತ ಈಗ ಕೆಳಗೂ ಶುರುವಾಗಿದೆ, ಒಳಗೆಲ್ಲ ಕೊಳೆತು ಇಳಿಯುತ್ತಿದೆ ಎಂದುಕೊಂಡೆ. ಯಾರಿಗೆ ಹೇಳುವುದು? ಗಂಡನಿಗೆ ಹೇಳುವ ಮಾತೇ? ಅಕ್ಕನಿಗೆ ಹೇಳಿದರೆ ಇದ್ದ ಕೋಣೆಯಿಂದಲೂ ಕೊಟ್ಟಿಗೆಗೆ ಹಾಕುತ್ತಾರೆ. ಡಾಕ್ಟರಿಗೆ ಹೇಳಿದರೆ, ಇವಳದು ಕೈಮೀರಿದ ಕೇಸು, ಔಷಧಿ ದಂಡ ಎಂದು ಕಳಿಸಿಬಿಡುತ್ತಾರೆ. ಮೂರು ವಾರ ದಿನಕ್ಕೆ ನಾಲ್ಕು ಸಲ ಬಚ್ಚಲಿಗೆ ಹೋಗಿ ನಾಲ್ಕು ಕೊಡ ನೀರು ಸುರಿದು ಬಂದೆ. ಒಂದು ವಿಚಿತ್ರವೆಂದರೆ, ಆ ಮೂರು ವಾರದಲ್ಲಿ ಜ್ವರ ಬಿಟ್ಟಿತ್ತು, ಹಸಿವು ಹುಟ್ಟಿತ್ತು. ದೀಪ ಆರುವ ಮುಂಚೆ ಜೋರಾಗಿ ಉರಿಯುತ್ತದಂತಲ್ಲ, ಇದು ಅದೇ ಎಂದು ಅದಕ್ಕೂ ಹೆದರಿದೆ.

ಅಜ್ಜಂಪುರದಿಂದ ಬೆಳಗಿನ ರೈಲಿಗೆ ನನ್ನವರು ಜೊತೆಗೆ ಬರುತ್ತಿದ್ದರು. ಅವರು ಬೀರೂರಿನಲ್ಲಿ ವ್ಯಾಪಾರಕ್ಕೆ ಇಳಿದರೆ, ನಾನು ಅಲ್ಲಿ ಒಂದು ಗಾಡಿ ಕಾದು ಮುಂದಿನ ಸ್ಟೇಷನ್ನಿನ ಕಡೂರಿಗೆ ಹೋಗಬೇಕಿತ್ತು. ಬೀರೂರು ಪ್ಲಾಟ್‌ಫಾರ್ಮಿನ ಆ ಬೆಂಚಿನ ಮೇಲೆ ಸಾಕಮ್ಮ ಸಿಕ್ಕಿದ್ದು. ಲಕ್ಕವಳ್ಳಿಯವಳು. ಗಂಡ ಡ್ಯಾಮಿನ ಕಾಲುವೆಗೆ ನೀರು ಬಿಡುವ ಕೆಲಸದವನು. ನಲವತ್ತರ ಹತ್ತಿರದ ಹೆಂಗಸು, ಬಸ್ಸಿನಲ್ಲಿ ತರೀಕೆರೆಗೆ ಬಂದು ಅಲ್ಲಿಂದ ರೈಲು ಹಿಡಿದು ಬರುತ್ತಿದ್ದಳು, ಅದೇ ಕ್ಯಾಂಪಿಗೆ. ಬೆಂಚಿನ ಆ ತುದಿಯಲ್ಲಿ ಅವಳು ಜಾತಿಯ ಕಾರಣಕ್ಕೆ ಕೂತಿದ್ದಳು, ಈ ತುದಿಯಲ್ಲಿ ನಾನು ರೋಗದ ಕಾರಣಕ್ಕೆ. ಎರಡು ಮಂಗಳವಾರ ಹಾಗೇ ಕಳೆದವು. ಮೂರನೆಯ ಮಂಗಳವಾರ ನನಗೆ ತಡೆಯಲಾಗಲಿಲ್ಲ. ಅಪರಿಚಿತಳಿಗೆ ಹೇಳುವುದು ಸುಲಭ. ಕ್ಯಾಂಪಿನಲ್ಲಿ ಕರೆಯುವಾಗ ಅವಳ ಹೆಸರು ಕೇಳಿಸಿಕೊಂಡಿದ್ದೆ. ಹತ್ತಿರ ಸರಿದು ಕೇಳಿಯೇಬಿಟ್ಟೆ.

"ಸಾಕಮ್ಮ, ನಿನಗೂ ಕೆಂಪಗೆ ಹೋಗ್ತದಾ?"

"ಎಲ್ಲಿ?"

ನಾನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಇಲ್ಲವ್ವ. ನಂದು ಯಾವಾಗ್ಲೂ ಹೆಂಗೋ ಹಂಗೇ ಐತೆ."

ಇಬ್ಬರಿಗೂ ಒಂದೇ ಕಾಯಿಲೆ, ಒಂದೇ ಕ್ಯಾಂಪು, ನನಗೊಬ್ಬಳಿಗೆ ಹೀಗೆ. ಅಳು ಬಂತು. ಸಾಕಮ್ಮ ಕೈ ಮುಂದೆ ಚಾಚಿ, ಮುಟ್ಟದೆ, ಅಲ್ಲೇ ನಿಲ್ಲಿಸಿದಳು. "ಅಳಬ್ಯಾಡ ಕಣವ್ವ. ನಡಿ, ನರ್ಸಮ್ಮುನ್ನ ಕೇಳಾನ."

ಕ್ಯಾಂಪಿನಲ್ಲಿ ಔಷಧಿ ಕೊಡುತ್ತಿದ್ದ ಲೀಲಾ ಸಿಸ್ಟರನ್ನು ಕೇಳಿದ್ದು ಸಾಕಮ್ಮನೇ. ಸಿಸ್ಟರು ಪೊಟ್ಟಣ ಕಟ್ಟುತ್ತಲೇ, "ಅಯ್ಯೋ, ಆ ಕೆಂಪು ಮಾತ್ರೆ ತಗೊಂಡ್ರೆ ಹಂಗೇ ಆಗೋದು. ರಕ್ತ ಅಲ್ಲ, ಮಾತ್ರೆ ಬಣ್ಣ. ಹೇಳಿರ್ಲಿಲ್ವಾ?" ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೂರು ವಾರದ ಸಾವು ಒಂದು ಮಾತಿಗೆ ಹೋಯಿತು. ಆದರೆ ಸಾಕಮ್ಮ ಕೂರಲಿಲ್ಲ. ತನ್ನ ಪೊಟ್ಟಣ ಬಿಚ್ಚಿ ನೋಡಿದಳು.

"ನಂದ್ರಾಗೆ ಕೆಂಪು ಇಲ್ವಲ್ರೀ?"

"ನಿಮ್ಮ ನಂಬರಿಗೆ ಅದು ಬಂದಿಲ್ಲ ಕಣಮ್ಮ. ಚೀಟಿ ಎತ್ತಿ ನಂಬರ್ ಹಾಕಿರೋದು. ಕೆಲವರಿಗೆ ಹೊಸದು, ಕೆಲವರಿಗೆ ಹಳೇದು. ಎಲ್ಲಾ ಪೇಪರಿನಲ್ಲಿ ಇದೆ, ನೀವೇ ಹೆಬ್ಬೆಟ್ಟು ಒತ್ತಿದ್ದೀರಲ್ಲ."

"ನಾನು ಔಷ್ದಿ ಕೊಡಾಕೆ ಒತ್ತಿಸ್ಕಂತಾರೆ ಅಂತ ಒತ್ದೆ," ಎಂದಳು ಸಾಕಮ್ಮ. ಸಿಸ್ಟರಿಗೆ ಕೇಳಿಸಲಿಲ್ಲವೋ ಏನೋ, ಮುಂದಿನವರನ್ನು ಕರೆದರು.

ವಾಪಸು ಬರುವ ಗಾಡಿಯಲ್ಲಿ ಅವಳನ್ನೇ ನೋಡುತ್ತ ಕೂತೆ. ನನಗೆ ಜ್ವರ ಬಿಟ್ಟಿತ್ತು, ಸಾಕಮ್ಮನಿಗೆ ಬಿಟ್ಟಿರಲಿಲ್ಲ. ನನ್ನ ರವಿಕೆ ಮತ್ತೆ ಬಿಗಿಯಾಗುತ್ತಿತ್ತು, ಅವಳ ಕುತ್ತಿಗೆಯ ಎಲುಬು ಎಣಿಸಬಹುದಿತ್ತು. ಬೀರೂರಿನಲ್ಲಿ ಇಳಿಯುವಾಗ ಅವಳಿಗೆ ಕೆಮ್ಮು ಬಂತು. ಕಂಬ ಹಿಡಿದು ಕೂತಳು. ಅವಳ ಸೆರಗಿನ ಮೇಲೆ ಬಿದ್ದದ್ದನ್ನು ಈರುಳ್ಳಿ ಸಿಪ್ಪೆ ಎಂದುಕೊಳ್ಳಲು ಅಲ್ಲಿ ಈರುಳ್ಳಿ ಇರಲಿಲ್ಲ.

ನನ್ನ ಪೊಟ್ಟಣ ಬಿಚ್ಚಿದೆ. ಏಳು ಕೆಂಪು ಮಾತ್ರೆ. ನಮ್ಮ ಕಡೆ ಮಠದಿಂದ ಪ್ರಸಾದ ತಂದರೆ ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಪಾಲು. ಒಬ್ಬರೇ ತಿನ್ನುವುದು ಪಾಪ. ಹಂಚಿ ತಿಂದರೆ ಹಸಿವಿಲ್ಲ ಎನ್ನುತ್ತಿದ್ದಳು ನಮ್ಮವ್ವ. ಚೀಟಿ ಎತ್ತಿ ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಕೊಡದೆ ಇರುವುದು ನನಗೆ ಡಾಕ್ಟರ ಕೆಲಸವೆನ್ನಿಸಲಿಲ್ಲ, ವಿಧಿಯ ಕೆಲಸವೆನ್ನಿಸಿತು. ವಿಧಿ ಮಾಡಿದ್ದನ್ನು ತಿದ್ದಿದರೆ ಪುಣ್ಯ ಎಂದುಕೊಂಡೆ.

"ಒಂದಿನ ಬಿಟ್ಟು ಒಂದಿನ ತಗೊಳ್ಳೋಣ. ನಾನೊಂದಿನ, ನೀನೊಂದಿನ," ಎಂದೆ.

"ಬ್ಯಾಡವ್ವ, ನಿಂದು ನಿಂಗಿರ್ಲಿ."

"ಹಿಡಿ ಅಂದ್ರೆ."

ಏಳನ್ನು ಸರಿಯಾಗಿ ಹಂಚಲು ಬರುವುದಿಲ್ಲ. ಮೂರು ಅವಳ ಅಂಗೈಗೆ ಹಾಕಿದೆ, ನಾಲ್ಕು ನಾನಿಟ್ಟುಕೊಂಡೆ. ಆ ನಾಲ್ಕನೆಯದನ್ನು ಮಡಿಸಿಕೊಳ್ಳುವಾಗ ನನ್ನ ಬೆರಳು ಒಂದು ಕ್ಷಣ ತಡೆದವು. ನನಗೆ ಮಗುವಿದೆ ಎಂದು ಮನಸ್ಸಿಗೆ ಹೇಳಿಕೊಂಡೆ. ನನ್ನ ಕೈ ಅವಳ ಅಂಗೈಗೆ ತಾಗಿತ್ತು. ಕೋಣೆ ಸೇರಿದ ಮೇಲೆ ನಾನು ಮುಟ್ಟಿದ ಮೊದಲ ಮನುಷ್ಯರ ಕೈ ಅದು.

ಆರು ವಾರ ಹಾಗೆ ನಡೆಯಿತು. ಪ್ರತಿ ಮಂಗಳವಾರ ಬೀರೂರಿನ ಬೆಂಚು, ನಾಲ್ಕು ನನಗೆ, ಮೂರು ಸಾಕಮ್ಮನಿಗೆ. ಅವಳೂ ಕೆಂಪಗೆ ಹೋಯಿತೆಂದು ಬಂದು ಹೇಳಿದ ದಿನ ಇಬ್ಬರೂ ಹುಡುಗಿಯರ ಹಾಗೆ ಬಾಯಿಗೆ ಸೆರಗು ಒತ್ತಿ ನಕ್ಕೆವು. ನಾನು ಆ ಕಾಯಿಲೆಯಲ್ಲಿ ನಕ್ಕದ್ದು ಅದೊಂದೇ ಸಲ.

ಏಳನೆಯ ಮಂಗಳವಾರ ಡಾಕ್ಟರು ನನ್ನ ಕಫದ ವರದಿ ನೋಡುತ್ತ ಹುಬ್ಬು ಗಂಟಿಕ್ಕಿದರು. ಹೋಗಿದ್ದ ಕ್ರಿಮಿ ಮತ್ತೆ ಕಾಣಿಸಿದೆಯಂತೆ. "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದರು. ತಗೋತಿದ್ದೀನಿ ಎಂದೆ. "ದಿನಾ?" ದಿನಾ ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ಅದೇ ದಿನ ಎಲ್ಲರಿಗೂ ಸಣ್ಣ ಬಾಟಲಿ ಕೊಟ್ಟು ಉಚ್ಚೆ ತರಲು ಹೇಳಿದ್ದರು. ಯಾಕೆಂದು ನಮಗೆ ಗೊತ್ತಿರಲಿಲ್ಲ. ಮಾತ್ರೆ ನುಂಗಿದ್ದೇವೋ ಇಲ್ಲವೋ ನೋಡಲು ಎಂದು ಆಮೇಲೆ ತಿಳಿಯಿತು. ಲೀಲಾ ಸಿಸ್ಟರು ಸಾಲಾಗಿ ಬಾಟಲಿಗಳಿಗೆ ನಂಬರ್ ಅಂಟಿಸುತ್ತಿದ್ದವರು ಒಂದರ ಹತ್ತಿರ ನಿಂತರು. ಪುಸ್ತಕ ನೋಡಿದರು. ಮತ್ತೆ ಬಾಟಲಿ ನೋಡಿದರು. ಸಾಕಮ್ಮನ ನಂಬರಿನದು. ಕೆಂಪಗಿತ್ತು.

ಅವಳ ಜೊತೆ ಬಂದು ಹೋಗುವವಳು ನಾನೆಂದು ಅವರಿಗೆ ಗೊತ್ತಿತ್ತು, ನಮ್ಮಿಬ್ಬರನ್ನೂ ಒಳಗೆ ಕರೆದರು. ಹೊರಗಿನ ಬೆಂಚಿನಿಂದ ಆ ಕೋಣೆಯ ಮೇಜಿಗೆ ಎಂಟು ಹೆಜ್ಜೆಯಿರಬಹುದು. ಇನ್ನು ಔಷಧಿ ನಿಲ್ಲಿಸುತ್ತಾರೆ, ಹೆಸರು ಹೊಡೆದು ಹಾಕುತ್ತಾರೆ, ಭಾವನವರಿಗೆ ಕಾಗದ ಬರೆಯುತ್ತಾರೆ, ಬೇರೆ ಜಾತಿಯವಳ ಜೊತೆ ಮಾತ್ರೆ ಹಂಚಿಕೊಂಡಳೆಂದು ಮನೆಯಲ್ಲಿ ಗೊತ್ತಾಗುತ್ತದೆ, ಕುಸುಮ ಹೊಸ್ತಿಲಾಚೆ ಬೆಳೆಯುತ್ತಾಳೆ, ನಾನು ಈಚೆ ಸಾಯುತ್ತೇನೆ. ಎಂಟು ಹೆಜ್ಜೆಯಲ್ಲಿ ಇಷ್ಟೆಲ್ಲ ಕಂಡೆ.

"ಯಾರು ಕೊಟ್ರು ಇವರಿಗೆ ಈ ಮಾತ್ರೆ?"

"ನಾನೇ ಕದ್ದೆ ಸ್ವಾಮಿ," ಎಂದಳು ಸಾಕಮ್ಮ, ನನ್ನ ಕಡೆ ನೋಡದೆ.

ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. "ಸುಳ್ಳು ಸಾರ್. ನಾನೇ ಕೊಟ್ಟೆ. ನಾಲ್ಕು ನಾನು ತಗೊಂಡು ಮೂರು ಕೊಟ್ಟೆ."

ಡಾಕ್ಟರು ಎದ್ದು ನಿಂತರು. ಒಳ್ಳೆಯ ಮನುಷ್ಯ ಸಿಟ್ಟಾದರೆ ಹೇಗಿರುತ್ತದೆಂದು ಅವತ್ತು ನೋಡಿದೆ. ಎರಡು ವರ್ಷದ ಕೆಲಸ ಹಾಳು ಮಾಡಿದಿರಿ ಎಂದರು. ಅದಕ್ಕಿಂತ ಹೆಚ್ಚಾಗಿ ನಿಮ್ಮ ಜೀವ ಹಾಳು ಮಾಡಿಕೊಂಡಿರಿ ಎಂದರು. "ಅರ್ಧ ಹೊಡೆದು ಬಿಟ್ಟ ಹಾವು ಗೊತ್ತೇನಮ್ಮ? ಅರ್ಧ ಮಾತ್ರೆ ತಗೊಂಡ್ರೆ ಒಳಗಿರೋದು ಸಾಯಲ್ಲ. ಆ ಮಾತ್ರೆಗೇ ಜಗ್ಗದ ಹಾಗೆ ಆಗಿಬಿಡುತ್ತೆ. ಇಬ್ಬರಿಗೂ!"

ಪುಣ್ಯವೆಂದು ಮಾಡಿದ್ದು ಸಾಕಮ್ಮನಿಗೆ ವಿಷವಾಗಿತ್ತು, ನನಗೂ ಆಗಿತ್ತು. ಹೆದರಿಕೆಗೂ ಒಂದು ತಳವಿರುತ್ತದೆ. ಆ ತಳ ಮುಟ್ಟಿದ ಮೇಲೆ ನನಗೆ ಸಿಟ್ಟು ಬಂತು. ಜೀವನದಲ್ಲಿ ಗಂಡಸರ ಮುಂದೆ ದನಿ ಎತ್ತದವಳು ಎತ್ತಿದೆ.

"ಇದನ್ನ ಮೊದಲೇ ಹೇಳಿದ್ರೆ ನಾವು ಹಂಚ್ಕೊಳ್ತಿದ್ವಾ ಸಾರ್? ಕೆಂಪಗೆ ಹೋಗ್ತದೆ ಅಂತ ಒಂದು ಮಾತು ಹೇಳಿದ್ರೆ ನಾನು ಮೂರು ವಾರ ದಿನಾ ಸಾಯ್ತಿದ್ನಾ? ಚೀಟಿ ಎತ್ತಿದೀವಿ ಅಂತ ಇವಳಿಗೆ ಯಾರು ಹೇಳಿದ್ರು?"

"ಪೇಪರಿನಲ್ಲಿ ಎಲ್ಲಾ ಇದೆಯಮ್ಮ. ಸಹಿ ಮಾಡಿದ್ದೀರಿ."

"ನಾನು ಮಾಡಿಲ್ಲ. ನಮ್ಮ ಭಾವ ಮಾಡಿದಾರೆ."

ಅವರು ಕಡತ ತೆಗೆದರು. ಗೀಟು, ಎರಡು ಚುಕ್ಕೆ. ಬಹಳ ಹೊತ್ತು ಅದನ್ನೇ ನೋಡಿದರು. "ನಿಮಗೆ ಓದಕ್ಕೆ ಬರುತ್ತಾ?" ಎಂದು ಕೇಳಿದರು. ಎಸ್ಸೆಸ್ಸೆಲ್ಸಿ ಪಾಸು ಎಂದೆ. ಅವರು ಕೂತರು. ಆಮೇಲೆ ಬೈಯಲಿಲ್ಲ. ಮುಂದಿನ ಮಂಗಳವಾರ ಬನ್ನಿ, ಮನೆಯವರನ್ನೂ ಕರೆತನ್ನಿ ಎಂದಷ್ಟೇ ಹೇಳಿದರು. ಆ ವಾರದ ಪೊಟ್ಟಣದಲ್ಲಿ ನನಗೂ ಬಿಳಿ ಮಾತ್ರೆ ಮಾತ್ರ ಇತ್ತು. ಕೆಂಪು ಇರಲಿಲ್ಲ.

ಆ ಏಳು ದಿನ ಬಚ್ಚಲಿಗೆ ಹೋದಾಗಲೆಲ್ಲ ಬಗ್ಗಿ ನೋಡಿದೆ. ಉಚ್ಚೆ ತಿಳಿಯಾಯಿತು. ಕೆಂಪಗೆ ಹೋಗುತ್ತದೆಂದು ಅತ್ತವಳು ಈಗ ಕೆಂಪಗೆ ಹೋಗುತ್ತಿಲ್ಲವೆಂದು ಅತ್ತೆ. ಸಂಜೆ ಮೈ ಬಿಸಿಯಾದಂತೆ ಅನ್ನಿಸುತ್ತಿತ್ತು, ಹಣೆ ಮುಟ್ಟಿ ಹೇಳಲು ಯಾರೂ ಒಳಗೆ ಬರುತ್ತಿರಲಿಲ್ಲ. ನನ್ನವರು ಬಾಗಿಲಲ್ಲಿ ನಿಂತು, "ಏನಾಯ್ತೇ? ಯಾಕೆ ಕರೆದಿದಾರೆ?" ಎಂದು ಕೇಳಿದರು. ಎಲ್ಲ ಹೇಳಿದೆ, ಸಾಕಮ್ಮನ ವಿಷಯವನ್ನೂ. ಅವರು, "ಅಣ್ಣನಿಗೆ ಸಾಕಮ್ಮನ ಸುದ್ದಿ ನಾನು ಹೇಳಾಕಿಲ್ಲ ಬಿಡು," ಎಂದರು. ಅಷ್ಟಕ್ಕೇ ನನಗೆ ಅವರ ಕಾಲು ಮುಟ್ಟುವಷ್ಟು ಸಮಾಧಾನವಾಯಿತು.

ಮಂಗಳವಾರ ಭಾವನವರು ಪೆನ್ನು ಸಿಕ್ಕಿಸಿಕೊಂಡೇ ಬಂದರು. ಕ್ಯಾಂಪಿನ ಜಗಲಿಯಲ್ಲಿ ಸುಮಾರು ಇಪ್ಪತ್ತು ಜನ ರೋಗಿಗಳನ್ನು ಕೂರಿಸಿದ್ದರು. ಡಾಕ್ಟರ ಕೈಯಲ್ಲಿ ಸೈಕ್ಲೋಸ್ಟೈಲ್ ಮಾಡಿದ ಕನ್ನಡದ ಹಾಳೆಗಳು, ಮಸಿ ಇನ್ನೂ ಅಂಟುತ್ತಿತ್ತು. ಅವರೇ ನಿಂತು ಓದಿದರು, ಒಂದೊಂದು ಸಾಲಿಗೂ ನಿಲ್ಲಿಸಿ. ಇದು ಬರೀ ಚಿಕಿತ್ಸೆಯಲ್ಲ, ಪರೀಕ್ಷೆಯೂ ಹೌದು. ಎರಡು ಬಗೆಯ ಔಷಧಿ ಇದೆ. ಯಾರಿಗೆ ಯಾವುದೆಂದು ಚೀಟಿ ಎತ್ತುತ್ತೇವೆ. ಕೆಂಪು ಮಾತ್ರೆಯಿಂದ ಹೀಗಾಗಬಹುದು, ಸೂಜಿಯಿಂದ ಕಿವಿಗೆ ಹೀಗಾಗಬಹುದು.

ಮುದುಕರೊಬ್ಬರು ಕೇಳಿದರು, "ಎರಡ್ರಾಗೆ ಯಾವ್ದು ಒಳ್ಳೇದು ಸ್ವಾಮಿ?"

"ನಮಗೂ ಗೊತ್ತಿಲ್ಲ ಅಜ್ಜ. ಗೊತ್ತಿದ್ರೆ ಚೀಟಿ ಎತ್ತೋದೇ ತಪ್ಪಾಗ್ತಿತ್ತು. ತಿಳ್ಕೊಳ್ಳೋಕೇ ಮಾಡ್ತಿರೋದು."

ಡಾಕ್ಟರೊಬ್ಬರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೊತ್ತಿಲ್ಲದವರ ಕೈಗೆ ನಮ್ಮ ಜೀವ ಕೊಟ್ಟಿದ್ದೇವಲ್ಲ ಎಂದು ಹೆದರಿದೆ. ಆದರೆ ಆ ಮಾತಿನಿಂದಲೇ, ಅವರು ಉಳಿದದ್ದು ಹೇಳಿದರೆ ನಂಬಬಹುದು ಎಂದೂ ಅನ್ನಿಸಿತು.

ಕೊನೆಯ ಸಾಲು ಹೀಗಿತ್ತು. ಬೇಡವೆನ್ನುವವರು ಕಾರಣ ಹೇಳಬೇಕಾಗಿಲ್ಲ, ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಔಷಧಿ ನಿಲ್ಲುವುದಿಲ್ಲ. ನನಗೂ ಸಾಕಮ್ಮನಿಗೂ ಬೇರೆಯಾಗಿ ಹೇಳಿದರು. ಇನ್ನು ನಿಮ್ಮಿಬ್ಬರಿಗೆ ಚೀಟಿಯಿಲ್ಲ, ಯಾವ ಔಷಧಿ ನಾಟುತ್ತದೋ ನೋಡಿ ಅದನ್ನೇ ಪೂರ್ತಿ ಕೊಡುತ್ತೇವೆ. ನಿಮ್ಮ ಕಫ, ಎಕ್ಸ್-ರೇ ಎಲ್ಲ ಪರೀಕ್ಷೆಗೆ ಬಳಸಿಕೊಳ್ಳಬಹುದೇ ಎಂದಷ್ಟೇ ಕೇಳುತ್ತಿದ್ದೇವೆ.

ಸಾಕಮ್ಮ ಎದ್ದು ನಿಂತಳು.

"ನಂಗೆ ಬ್ಯಾಡ ಸ್ವಾಮಿ."

ಅಯ್ಯೋ ಕೂತ್ಕೊಳ್ಳೇ, ಹೂಂ ಅನ್ನೇ ಎಂದು ಒಳಗೇ ಕೂಗಿದೆ. ಹಾಳೆಯಲ್ಲಿ ಬರೆದಿರುವುದು ಬೇರೆ, ಅವರ ಮುಖಕ್ಕೇ ಬೇಡವೆಂದರೆ ನಡೆಯುವುದು ಬೇರೆ ಎಂದು ನನಗೆ ಗೊತ್ತಿತ್ತು. ಎಲ್ಲರೂ ಡಾಕ್ಟರ ಮುಖ ನೋಡುತ್ತಿದ್ದರು. ಅವರು ಪೆನ್ನು ತೆಗೆದರು. ಹೆಸರು ಹೊಡೆದರು.

"ಆಯ್ತಮ್ಮ," ಎಂದರು. ಆಮೇಲೆ ಲೀಲಾ ಸಿಸ್ಟರ ಕಡೆ ತಿರುಗಿ, "ಇವರ ಈ ವಾರದ ಔಷಧಿ ಕೊಡಿ," ಎಂದರು.

ಸಾಕಮ್ಮ ಪೊಟ್ಟಣ ಕೈಗೆ ಬಂದ ಮೇಲೂ ನಿಂತೇ ಇದ್ದಳು. "ಅಷ್ಟೇಯಾ?" ಎಂದಳು.

"ಅಷ್ಟೇ."

ಭಾವನವರು ಅಷ್ಟರಲ್ಲಿ ನನ್ನ ಹಾಳೆಗೆ ಕೈ ಚಾಚಿದ್ದರು. ಡಾಕ್ಟರು ಹಾಳೆಯನ್ನು ಅವರ ಕೈ ದಾಟಿಸಿ ನನ್ನ ಮುಂದೆ ಹಿಡಿದರು. "ಕ್ಷಮಿಸಿ ಯಜಮಾನರೇ, ಮೊದಲ ಸಲ ತಪ್ಪು ನನ್ನದು. ಇದು ಅವರೇ ಹೇಳಬೇಕು."

ಭಾವನವರ ಮುಖ ಕೆಂಪಾಯಿತು. ಹೂಂ ಎನ್ನಲೂ ಹೆದರಿಕೆ, ಊಹೂಂ ಎನ್ನಲೂ ಹೆದರಿಕೆ. ಬಾಯಿಂದ ಬಂದದ್ದು ಇಷ್ಟು. "ಮನೆಗೆ ತಗೊಂಡು ಹೋಗಿ ಓದ್ತೀನಿ ಸಾರ್. ಮುಂದಿನ ವಾರ ಹೇಳ್ತೀನಿ."

ಬೀರೂರಿನವರೆಗೂ ಭಾವನವರು ಕಿಟಕಿಯಾಚೆಗೇ ನೋಡುತ್ತಿದ್ದರು. ಅವರು ಪ್ಲಾಟ್‌ಫಾರ್ಮಿನಲ್ಲಿ ಕಾಫಿಗೆ ಹೋದಾಗ ಸಾಕಮ್ಮ ಬಂದು ಪಕ್ಕದಲ್ಲಿ ಕೂತಳು, ತುದಿಯಲ್ಲಲ್ಲ. "ಆ ಕಡೇ ಸಾಲು ಓದವ್ವ," ಎಂದಳು. ಓದಿದೆ. "ಇನ್ನೊಂದ್ ಸಲ." ಮತ್ತೆ ಓದಿದೆ. ಯಾಕೆ ಬೇಡವೆಂದೆ ಎಂದು ಕೇಳಿದೆ. "ಬ್ಯಾಡ ಅಂದ್ರೆ ಏನಾಯ್ತದೆ ಅಂತ ನೋಡನ ಅಂತ," ಎಂದಳು. ಆಮೇಲೆ, "ನಿಂಗೆ ಮಗಾ ಐತಲ್ಲವ್ವ. ಅದ್ಕೇ ನಾಕು. ನಂಗೆ ಗೊತ್ತಿತ್ತು," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಕಾಫಿ ಕುಡಿದು ಬಂದ ಭಾವನವರು ನೋಡಿದರು. ನೋಡಲಿ ಎಂದುಕೊಂಡೆ.

ಮುಂದಿನ ಮಂಗಳವಾರ ನಾನು ಸಹಿ ಹಾಕಿದೆ, ದುಂಡಗಿನ ಅಕ್ಷರದಲ್ಲಿ, ಶಾಂತ ಎಂದು. ಅರ್ಧ ಮಾತ್ರೆ ನುಂಗಿದವರಿಗೆ ಏನಾಗುತ್ತದೆಂದು ಇನ್ನೊಬ್ಬರಿಗೆ ತಿಳಿಯಲಿ ಎಂಬುದೊಂದೇ ಕಾರಣ. ಹೊಸ ಔಷಧಿ, ಹೊಸ ಸೂಜಿ, ಒಂದೂವರೆ ವರ್ಷ. ಬಲಗಿವಿ ಸ್ವಲ್ಪ ಮಂದವಾಯಿತು. ಸಾಕಮ್ಮ ನನಗಿಂತ ನಿಧಾನವಾಗಿ ಎದ್ದಳು. ಒಂದು ಕಡೆಯ ಪುಪ್ಪುಸ ಕೆಲಸಕ್ಕೆ ಬಾರದಾಯಿತು, ಡ್ಯಾಮಿನ ಏರಿ ಹತ್ತಲು ಅವಳಿಗೆ ಮತ್ತೆ ಆಗಲಿಲ್ಲ, ಆದರೆ ಬದುಕಿದಳು. ನನ್ನ ಆ ಮೂರು ಮಾತ್ರೆ ಅವಳಿಗೆ ಉಪಕಾರ ಮಾಡಿತೋ ಅಪಕಾರ ಮಾಡಿತೋ ಎಂದು ಡಾಕ್ಟರನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಗೊತ್ತಿಲ್ಲ ಎಂದಿದ್ದಾರೆ.

ಕಫ ಪೂರ್ತಿ ತಿಳಿಯಾಗಿದೆ, ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದು ಅವರು ಹೇಳಿದ ದಿನ ನಾನು ಸ್ಟೇಷನ್ನಿನಿಂದ ಮನೆಗೆ ಬಹುತೇಕ ಓಡಿದೆ. ಕುಸುಮಳಿಗೆ ನಾಲ್ಕು ವರ್ಷ ದಾಟಿತ್ತು. ನಡುಮನೆಯಲ್ಲಿ ಅಕ್ಕನ ಸೀರೆಯ ನೆರಿಗೆ ಹಿಡಿದು ನಿಂತಿದ್ದಳು. ನಾನು ಹೊಸ್ತಿಲು ದಾಟಿದೆ. ಅವಳು ಹಿಂದೆ ಸರಿದಳು.

"ಹೋಗೇ, ನಿಮ್ಮವ್ವ ಕಣೇ, ಹೋಗು," ಎಂದು ಅಕ್ಕ ಅವಳನ್ನು ಹಿಡಿದು ಮುಂದೆ ತಳ್ಳಿದರು. ಮಗುವಿನ ಕಣ್ಣಲ್ಲಿ ಇದ್ದದ್ದನ್ನು ನಾನು ಗುರುತು ಹಿಡಿದೆ. ಎಂಟು ಹೆಜ್ಜೆ ನಡೆದು ಆ ಮೇಜಿನ ಮುಂದೆ ನಿಂತಾಗ ನನ್ನ ಕಣ್ಣಲ್ಲಿ ಇದ್ದದ್ದೂ ಅದೇ.

"ಬಿಡಿ ಅಕ್ಕ," ಎಂದೆ. ನೆಲದ ಮೇಲೆ ಕೂತೆ. ತೋಳು ಚಾಚಲಿಲ್ಲ. "ಕುಸುಮಾ, ಎತ್ಕೊಳ್ಲಾ?"

ಅವಳು ನನ್ನನ್ನು ಚೆನ್ನಾಗಿ ನೋಡಿದಳು.

"ಬ್ಯಾಡ."

ಒಂದೂವರೆ ವರ್ಷ ಇದೊಂದಕ್ಕಾಗಿ ಕಾದವಳು ನಾನು. "ಆಯ್ತು," ಎಂದೆ. ಎದ್ದು ಹೋಗಲಿಲ್ಲ. ಅಲ್ಲೇ ಕೂತು ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸತೊಡಗಿದೆ.

ಮೊರ ಅರ್ಧ ಮುಗಿದಿರಬೇಕು. ಹಿಂದಿನಿಂದ ಒಂದು ಸಣ್ಣ ಬೆರಳು ಬಂದು ನನ್ನ ಬೆನ್ನು ಮುಟ್ಟಿ, ಓಡಿಹೋಯಿತು. ನಾನು ತಿರುಗಲಿಲ್ಲ. ಮತ್ತೆ ಬಂತು, ಮತ್ತೆ ಓಡಿತು. ಮೂರನೆಯ ಸಲ ಓಡಲಿಲ್ಲ.

"ಈಗ ಎತ್ಕೊ," ಎಂದಳು.